ಬರಿ ಮದ್ದಿನ ಬಂದೂಕು

ಕರಿಸಿದ್ದಪ್ಪ ದಿನದ ಹಾಗೆ ಎದೆ ಹಿಡಿದುಕೊಂಡು ಬಿದ್ದ. ಜುಂಜಣ್ಣ ದಿನದ ಹಾಗೆ ನಕ್ಕ.

ಹೊಲ ಕಾಯುವ ಅಟ್ಟಣೆಯ ಸುತ್ತ ಬಂದೂಕಿನ ಹೊಗೆ ಇನ್ನೂ ಕರಗಿರಲಿಲ್ಲ. ಪೂರ್ವ ದಿಕ್ಕು ಆಗತಾನೆ ಬೆಳ್ಳಗಾಗಿತ್ತು. ನಲವತ್ತು ಹೆಜ್ಜೆ ಆಚೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗೆ ಹೋಗುವ ದಾರಿಯಲ್ಲಿ ಕರಿಸಿದ್ದಪ್ಪ ಅಂಗಾತ ಮಲಗಿದ್ದ. ಅವನ ಜೋಡಿ ಎತ್ತುಗಳು ಬದುವಿನ ಹುಲ್ಲಿಗೆ ಬಾಯಿ ಹಾಕಿದ್ದವು.

“ಸಾಕು ಏಳಲೇ, ನಾಟಕ ಜಾಸ್ತಿ ಆತು,” ಎಂದು ಜುಂಜಣ್ಣ ಅಟ್ಟಣೆಯ ಮೇಲಿಂದಲೇ ಕೂಗಿದ. “ಎತ್ತು ಜ್ವಾಳಕ್ಕೆ ನುಗ್ತಾವೆ ನೋಡು!”

ಕರಿಸಿದ್ದಪ್ಪ ಏಳಲಿಲ್ಲ. ಜುಂಜಣ್ಣ ಇನ್ನೊಂದು ಸಲ ಕೂಗಿದ, ಇನ್ನೊಂದು ಸಲ ನಕ್ಕ. ಎತ್ತುಗಳು ನಿಜವಾಗಿಯೂ ಜೋಳಕ್ಕೆ ನುಗ್ಗಿದವು. ಆಗ ಅವನ ನಗು ನಿಂತಿತು. ಏಣಿ ಇಳಿದು ಓಡಿದ. ಹೊದ್ದ ಕಂಬಳಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಕಂಬಳಿ ಸರಿಸಿದರೆ ಎದೆಯಲ್ಲೂ ಅಷ್ಟೇ ದೊಡ್ಡ ತೂತು.

ಬಂದೂಕು ತೆಗೆದುಕೊಂಡು ಹೋಗಲು ಬಂದಿದ್ದ ತಳವಾರ ಮುನಿಯಪ್ಪ ಅಟ್ಟಣೆಯ ಹಿಂದಿನಿಂದ ಓಡಿ ಬಂದ. “ಅಯ್ಯಯ್ಯೋ, ಏನ್ಮಾಡ್ದೆ ಜುಂಜ?” ಎಂದ.

“ಗುಂಡಿರ್ಲಿಲ್ಲ,” ಎಂದ ಜುಂಜಣ್ಣ. “ಗುಂಡಿರ್ಲಿಲ್ಲ ಮುನಿಯಣ್ಣ. ಬರೀ ಮದ್ದು.” ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಮಾತನ್ನು ಹೇಳುತ್ತ ಕೂತ.

* * *

ಅದು ಸಾವಿರದ ಒಂಬೈನೂರ ಏಳನೆಯ ಇಸವಿ. ಹೊಸದುರ್ಗ ತಾಲ್ಲೂಕು, ಮಾಡದಕೆರೆ ಹೋಬಳಿ, ಕಲ್ಲವ್ವನಹಟ್ಟಿ ಎಂಬ ಅರವತ್ತು ಮನೆಯ ಊರು. ಹಿಂದೆ ಗುಡ್ಡ, ಮುಂದೆ ಜೋಳದ ಹೊಲ. ಗುಡ್ಡದಲ್ಲಿ ಚಿರತೆ, ಕರಡಿ, ಹಂದಿ, ಜಿಂಕೆಯ ಹಿಂಡು. ಜೋಳ ಹಾಲುಗಾಳಾದರೆ ಅವಕ್ಕೆಲ್ಲ ಹಬ್ಬ. ಊರಿಗೆ ಇದ್ದದ್ದು ಒಂದೇ ಬಂದೂಕು. ಲೈಸೆನ್ಸು ಪಟೇಲ ತಿಪ್ಪೇರುದ್ರಪ್ಪನವರ ಹೆಸರಿನಲ್ಲಿ. ಕಾವಲಿಗೆ ಮಾತ್ರ ಮನೆಗೊಬ್ಬರಂತೆ ಸರದಿ. ಆ ಬಂದೂಕು ಹೋದರೆ ಮರುವರ್ಷ ಊರು ಉಣ್ಣುವುದು ಮಣ್ಣನ್ನೇ.

ಪಟೇಲರು ಲಿಂಗ ಕಟ್ಟಿದ ಮನುಷ್ಯ. ಜೀವ ತೆಗೆಯುವ ಸಾಮಾನು ಮನೆಯೊಳಗೆ ಬೇಡ, ಪ್ರಾಣಿ ಓಡಿಸಲು ಸದ್ದು ಸಾಕು ಎನ್ನುವುದು ಅವರ ಕಟ್ಟಳೆ. ಸೀಸದ ಗುಂಡು ಅವರ ಹೊಸ್ತಿಲು ದಾಟಿದ್ದೇ ಇಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಕೂತು, ಹತ್ತು ಜನರ ಎದುರಿಗೆ ನಳಿಗೆಗೆ ಮದ್ದು ಸುರಿಯುವರು. ಮೇಲೆ ತೆಂಗಿನ ನಾರು ತುರುಕುವರು. ಕಬ್ಬಿಣದ ಗಜದಿಂದ ಗಿಡಿಯುವರು. ಆಮೇಲೆ ಗಜವನ್ನೂ ಮದ್ದನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವರು. ತಳವಾರ ಬಂದೂಕನ್ನು ಹೊಲಕ್ಕೆ ಒಯ್ದು ಸರದಿಯವನಿಗೆ ಮದ್ದಿಗೆ ಕಿಡಿ ಹೊತ್ತಿಸುವ ಒಂದು ಕೇಪಿನ ಜೊತೆ ಕೊಡಬೇಕು. ಒಂದು ರಾತ್ರಿಗೆ ಒಂದೇ ಸದ್ದು. ಹಂದಿಯೋ ಜಿಂಕೆಯೋ ಬಂದರೆ ಆಗ. ಬಾರದಿದ್ದರೆ ಬೆಳಗಾಗುತ್ತಲೇ ಹೊಡೆದು ಖಾಲಿ ಮಾಡಬೇಕು. ತುಂಬಿದ ಬಂದೂಕು ಪಟೇಲರ ಮನೆಗೆ ವಾಪಸು ಬರುವ ಹಾಗಿಲ್ಲ.

ಆ ಬೆಳಗಿನ ಸದ್ದನ್ನು ಆಟ ಮಾಡಿಕೊಂಡವನು ಕರಿಸಿದ್ದಪ್ಪ. ಅವನು ಕಪಿಲೆ ಹೂಡಲು ಬರುವುದೂ ಅದೇ ಹೊತ್ತಿಗೆ. “ಹೊಡಿಯೋ!” ಎಂದು ಎದೆ ಸೆಟೆಸಿ ನಿಲ್ಲುವನು. ಅಟ್ಟಣೆಯವನು ಅವನತ್ತ ಗುರಿಯಿಟ್ಟು ಢಂ ಎನಿಸುವನು. ಇವನು ಬಯಲಾಟದ ರಾಕ್ಷಸನಿಗಿಂತ ಚೆನ್ನಾಗಿ ಸಾಯುವನು. ಮೂರು ವರ್ಷದಿಂದ ಊರು ಇದನ್ನು ನೋಡಿ ನಕ್ಕಿದೆ. ಬರಿ ಮದ್ದಿನ ಬಂದೂಕಿಗೆ ಎದೆ ಕೊಡುವುದರಲ್ಲಿ ಅಪಾಯ ಉಂಟೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಬುದ್ಧಿವಂತರೇ ತುಂಬಿದ್ದ ಊರು, ಏನು ಹೇಳೋಣ!

* * *

ಮಂಗಳವಾರ ಮಧ್ಯಾಹ್ನ ಮುನಿಯಪ್ಪ ಏದುಸಿರು ಬಿಡುತ್ತ ಹೊಸದುರ್ಗದ ಠಾಣೆಗೆ ಬಂದ. ದಫೇದಾರ್ ಮರುಳಸಿದ್ದಪ್ಪ ಪಟೇಲರ ವರದಿ ಓದಿದರು. ಪೇದೆ ಶಿವಯ್ಯನನ್ನು ಕರೆದು ತಟ್ಟು ಕುದುರೆಗೆ ಜೀನು ಹಾಕಿಸಿದರು.

ಮರುಳಸಿದ್ದಪ್ಪನವರಿಗೆ ನಲವತ್ತೆಂಟು ವರ್ಷ. ಪೊಲೀಸಿಗೆ ಬರುವ ಮೊದಲು ಹನ್ನೊಂದು ವರ್ಷ ಪಲ್ಟನ್ನಿನಲ್ಲಿ ಬಂದೂಕು ಉಜ್ಜಿದ್ದರು. ಮಾತು ಕಡಿಮೆ, ಮೂಗು ಚೂಪು, ಸಿಟ್ಟು ಮೂಗಿಗಿಂತ ಚೂಪು. ತಾಲ್ಲೂಕಿನ ಲೈಸೆನ್ಸು ಬಂದೂಕುಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವವರೂ ಅವರೇ. ಮುಂದಿನ ವಾರ ಮಾಡದಕೆರೆಗೆ ಅದೇ ಕೆಲಸಕ್ಕೆ ಹೋಗುವುದಿತ್ತು.

“ಇಬ್ಬರಿಗೂ ಜಗಳ ಏನಾದ್ರೂ ಇತ್ತೇನಪ್ಪ?” ದಾರಿಯಲ್ಲಿ ಕೇಳಿದರು.

“ಸತ್ತೋರ ಸುದ್ದಿ ಯಾಕೆ ಬುಡ್ರಿ,” ಎಂದ ಮುನಿಯಪ್ಪ. ನಾಲ್ಕು ಹೆಜ್ಜೆ ನಡೆದು ತಾನೇ ಬಿಡಲಿಲ್ಲ. “ಹೋದ ತಿಂಗ್ಳು ಜುಂಜನ ಕುರಿ ಕರಿಸಿದ್ದನ ಜ್ವಾಳಕ್ಕೆ ನುಗ್ಗಿದ್ವು. ಇವ್ನು ದೊಡ್ಡಿಗೆ ಹಾಕ್ಸಿದ. ಜುಂಜ ‘ನಿನ್ನ ಎದಿ ಬಗೀತೀನಿ’ ಅಂದಿದ್ದ. ಊರೇ ಕೇಳೈತೆ.”

“ಆಮೇಲೆ?”

“ಆಮೇಲೆ ಒಂದಾದ್ರು. ಹೊರಗೆ ಒಂದಾದ್ರು ಅನ್ನಿ.”

ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಹೆಣ ನೋಡಿದರು. ಬೆನ್ನಲ್ಲಿ ತೂತಿಲ್ಲ, ಗುಂಡು ಒಳಗೇ ಇದೆ. ಶಿವಯ್ಯನ ಜೊತೆ ಗಾಡಿಯಲ್ಲಿ ಹೊಸದುರ್ಗದ ಡಾಕ್ಟರ ಹತ್ತಿರ ಕಳಿಸಿದರು. ಬೆಳಕು ಇರುವಾಗಲೇ ಹೊಲಕ್ಕೆ ಹೋದರು. ಅಟ್ಟಣೆಯ ಮೇಲೆ ಕಂಬಳಿ, ಕವಣೆ, ತಮಟೆ, ಕುರಿ ಕಾಯುವ ದೊಣ್ಣೆ. ದೊಣ್ಣೆಯನ್ನು ಬಂದೂಕಿನ ಬಾಯಿಗೆ ಹಿಡಿದು ನೋಡಿದರು. ಹೋಗುವ ಮಾತೇ ಇಲ್ಲ. ಗುಂಡು ನಳಿಗೆಯ ತಳಕ್ಕೆ ಇಳಿಯಬೇಕಾದರೆ ಬೆರಳು ಗಾತ್ರದ, ಎರಡು ಮೊಳ ಉದ್ದದ ನೆಟ್ಟನೆಯ ಕೋಲು ಬೇಕು. ಅಂಥದ್ದು ಅಲ್ಲಿ ಇರಲಿಲ್ಲ.

ಆಮೇಲೆ ದಫೇದಾರರು ಅಟ್ಟಣೆಯಿಂದ ಬಾವಿಯ ಕಡೆಗೆ ಕುಕ್ಕರುಗಾಲಿನಲ್ಲಿ ಸರಿಯುತ್ತ ಹೊರಟರು. ಊರಿನವರಿಗೆ ನಗು, ಆದರೆ ನಗುವ ಧೈರ್ಯ ಇಲ್ಲ. ಎಂಟು ಹೆಜ್ಜೆಗೆ ಸುಟ್ಟ ತೆಂಗಿನ ನಾರಿನ ಉಂಡೆ ಸಿಕ್ಕಿತು. ಹದಿಮೂರು ಹೆಜ್ಜೆಗೆ ಇನ್ನೊಂದು ವಸ್ತು. ರೂಪಾಯಿ ಅಗಲದ ತೊಗಲಿನ ಚೂರು. ಅಂಚು ಸುಟ್ಟಿದೆ, ಎಣ್ಣೆ ಕುಡಿದಿದೆ. ಒಂದು ಮೂಲೆಯಲ್ಲಿ ಕಂದು ಕೂದಲು ನಾಲ್ಕು.

“ಇದೇನ್ರಿ?” ಎಂದರು ಪಟೇಲರು.

“ಗುಂಡಿಗೆ ಸುತ್ತಿದ ತೊಗಲು. ನಳಿಗೆ ಕೆಳಗೆ ಮಾಡಿದ್ರೂ ಗುಂಡು ಉದುರಬಾರ್ದು ಅಂತ ಹಿಂಗೆ ಸುತ್ತಿ ಹೊಡೀತಾರೆ. ಜಿಂಕೆ ತೊಗಲು ಇದು.”

ಪಟೇಲರ ಮುಖ ಬೂದಿಯಾಯಿತು. “ನನ್ನ ಕೈಯಾರೆ ತುಂಬಿದ ಬಂದೂಕು ಸ್ವಾಮಿ. ಮದ್ದು, ನಾರು, ಅಷ್ಟೇ. ಜಗಲಿ ಮ್ಯಾಲೆ ಇದ್ದೋರ್ನೆಲ್ಲ ಕೇಳ್ರಿ.”

ಕೇಳಿದರು. ಹದಿನಾಲ್ಕು ಮಂದಿ ಹೌದೆಂದರು.

ಜುಂಜಣ್ಣನನ್ನು ಪಟೇಲರ ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ಮುಂದೆ ಇಟ್ಟ ಮುದ್ದೆ ಆರಿ ಕಲ್ಲಾಗಿತ್ತು.

“ಗುಂಡು ಹಾಕಿದ್ದು ನೀನೇ ಏನು?”

“ಇಲ್ರಿ. ಆದ್ರೆ ಹೊಡ್ದಿದ್ದು ನಾನೇ. ಗಲ್ಲಿಗೆ ಹಾಕ್ರಿ.”

“ಅದು ನಿನ್ನ ಕೆಲಸ ಅಲ್ಲ. ಕೇಳಿದ್ದಕ್ಕೆ ಹೇಳು. ಹೊಡೆದಾಗ ಏನನ್ನಿಸ್ತು?”

ಜುಂಜಣ್ಣ ಯೋಚಿಸಿದ. “ಭುಜಕ್ಕೆ ಒದೀತು. ಯಾವತ್ತೂ ಹಂಗೆ ಒದ್ದಿರ್ಲಿಲ್ಲ.”

“ಮುನಿಯಪ್ಪ ಎಲ್ಲಿದ್ದ?”

“ಹಿಂದಿದ್ದ. ದಿನಾ ಅವ್ನೂ ಮುಂದೆ ನಿಂತು ಕುಣೀತಿದ್ದ. ಇವತ್ತು ಚಳಿ ಅಂದು ಹಿಂದೆ ನಿಂತ್ಕಂಡಿದ್ದ.”

ದಫೇದಾರರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಚಳಿಯಂತೂ ನಿಜವಾಗಿಯೇ ಇತ್ತು.

* * *

ಬುಧವಾರ ಬೆಳಿಗ್ಗೆ ಜುಂಜಣ್ಣನ ಗುಡಿಸಲು ಶೋಧಿಸಿದರು. ಶೋಧಿಸಲು ಇದ್ದದ್ದೇ ಎರಡು ಗಡಿಗೆ, ಒಂದು ಬೀಸುವ ಕಲ್ಲು. ಹಿಂದಿನ ಗೋಡೆಗೆ ಜಿಂಕೆಯ ತೊಗಲೊಂದನ್ನು ಮೊಳೆ ಹೊಡೆದು ಹರವಿತ್ತು. ಜುಂಜಣ್ಣನ ಹೆಂಡತಿ ತಿಪ್ಪಮ್ಮ ಉಣ್ಣೆ ನೂಲುವ ಕದಿರನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

“ತೆಗಿಯಮ್ಮ ಇತ್ತ.”

ಕದಿರಿನ ಬುಡಕ್ಕೆ ಭಾರಕ್ಕೆಂದು ಸೀಸದ ಗುಂಡೊಂದನ್ನು ಕಟ್ಟಿದ್ದಳು.

ಊರಿಗೆ ಇನ್ನೇನು ಬೇಕು? ಗುಂಡೂ ಸಿಕ್ಕಿತು, ಜಿಂಕೆಯ ತೊಗಲೂ ಸಿಕ್ಕಿತು. ಕರಿಸಿದ್ದಪ್ಪನ ಹೆಂಡತಿ ಹೊನ್ನಕ್ಕ ಅಂಗಳಕ್ಕೆ ಬಂದು ನಿಂತಳು. “ನಮ್ಮ ಮನ್ಯಾಗೆ ಉಂಡೋನು,” ಎಂದಳು. “ಅವ್ನು ನೇಣಿಗೆ ಬೀಳೋದು ನಾನು ಕಣ್ಣಾರೆ ನೋಡ್ಬೇಕು.”

ಶುಕ್ರವಾರ ವಿಚಾರಣೆಗೆ ತಾಲ್ಲೂಕಿನ ಅಮಲ್ದಾರರು ಬರುವವರಿದ್ದರು. ಅವರ ಮುಂದೆ ಈ ಎರಡು ವಸ್ತು ಇಟ್ಟರೆ ಸಾಕು. ಜುಂಜಣ್ಣ ದುರ್ಗದ ಜೈಲಿಗೆ, ಅಲ್ಲಿಂದ ನೇಣಿಗೆ. ದಫೇದಾರರ ಕೆಲಸವೂ ಮುಗಿಯುತ್ತಿತ್ತು. ಆದರೆ ಅವರು ಗೋಡೆಯ ತೊಗಲನ್ನು ಬೆರಳಿನಿಂದ ಒತ್ತಿ ನೋಡಿದರು. ಹಸಿ. ಉಪ್ಪಿನ ನೀರು ಇನ್ನೂ ಜಿನುಗುತ್ತಿತ್ತು. ಹೊಲದಲ್ಲಿ ಸಿಕ್ಕ ಚೂರನ್ನು ತೆಗೆದು ಪಕ್ಕದಲ್ಲಿ ಹಿಡಿದರು. ಹದ ಮಾಡಿ ತಿಂಗಳುಗಟ್ಟಲೆ ಎಣ್ಣೆ ಕುಡಿಸಿದ ತೊಗಲು. ಅದು ಈ ಜಿಂಕೆಯದಲ್ಲ.

ಗುಂಡನ್ನು ಬಿಚ್ಚಿ ನೋಡಿದರು. ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಇನ್ನೊಂದು ಮಗ್ಗುಲಿಗೆ ಎರಕ ಹೊಯ್ದಾಗ ಉಳಿದ ಸಣ್ಣ ಬಾಲ.

“ತಿಪ್ಪಮ್ಮ, ಈ ಗುಂಡು ಎಲ್ಲೋ ಎಲುಬಿಗೆ ಬಡಿದೈತೆ. ಬಡಿಯದ ಗುಂಡು ದುಂಡಗೆ ಇರ್ತದೆ. ಎಲ್ಲಿ ಸಿಕ್ತು? ಗಂಡ ಉಳೀಬೇಕು ಅಂದ್ರೆ ನಿಜ ಹೇಳು.”

ತಿಪ್ಪಮ್ಮ ಬಾಯಿ ಬಿಟ್ಟಳು. “ಸೋಮಾರ ಬೆಳಿಗ್ಗೆ ಕುರಿ ಹೊಡ್ಕಂಡು ಹೋದಾಗ ಹಳ್ಳದಾಗೆ ಜಿಂಕೆ ಸತ್ತು ಬಿದ್ದಿತ್ರಿ. ಊರಿಗೆ ಹೇಳಿದ್ರೆ ಅರವತ್ತು ಮನೆಗೆ ಪಾಲು ಹಾಕ್ಬೇಕು. ನಾನೇ ಹೊತ್ಕಂಡ್ ಬಂದೆ. ಕೊಯ್ಯುವಾಗ ತೊಡೆ ಎಲುಬಿನಾಗೆ ಇದು ಸಿಕ್ತು. ಕದಿರಿಗೆ ಆಗ್ತದೆ ಅಂತ ಇಟ್ಕಂಡೆ. ನನ್ನ ಆಸೆನೇ ನನ್ನ ಗಂಡಂಗೆ ಮುಳುವಾತು.”

“ಭಾನುವಾರ ರಾತ್ರಿ ಕಾವಲು ಯಾರದು?”

“ನಾಗಣ್ಣಂದು.”

ನಾಗಣ್ಣ ಎಂದರೆ ಪಟೇಲರ ಪಕ್ಕದ ಮನೆಯ ಒಕ್ಕಲಿಗ, ಹೆದರುಪುಕ್ಕಲ. ಕರೆಸಿದ ಕೂಡಲೇ ಕೈ ಮುಗಿದ. “ಜಿಂಕೆ ಹಿಂಡು ಬಂತ್ರಿ. ಸದ್ದು ಮಾಡ್ದೆ, ಓಡಿ ಹೋದ್ವು. ಒಂದೂ ಬೀಳ್ಲಿಲ್ಲ. ಬರೀ ಮದ್ದಿಗೆ ಯಾಕೆ ಬೀಳ್ತಾವೆ?”

“ಬಂದೂಕು ಒದೀತೇನು?”

ನಾಗಣ್ಣನ ಕಣ್ಣು ಅರಳಿತು. “ನಿಮ್ಗೆ ಹೆಂಗೆ ಗೊತ್ತು? ಕತ್ತೆ ಒದ್ದಂಗೆ ಒದೀತು! ಪಟೇಲ್ರು ಮದ್ದು ಜಾಸ್ತಿ ಹಾಕ್ಯಾರೆ ಅಂತ ಬೈಕಂಡೆ.”

ಬುಧವಾರ ಸಂಜೆ ಶಿವಯ್ಯ ವಾಪಸು ಬಂದ. ಡಾಕ್ಟರು ಹೆಣದಿಂದ ತೆಗೆದ ಗುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಅದಕ್ಕೂ ಅದೇ ಬಾಲ. ಎರಡೂ ಒಂದೇ ಅಚ್ಚಿನವು.

* * *

ಗುರುವಾರ ಬೆಳಿಗ್ಗೆ ಮರುಳಸಿದ್ದಪ್ಪ ಒಬ್ಬರೇ ಪಟೇಲರ ಜಗಲಿಯಿಂದ ಹೊಲದ ಅಟ್ಟಣೆಯವರೆಗೆ ನಡೆದರು. ಒಂದು ಮೈಲಿ. ಎಲೆಅಡಿಕೆ ಅಗಿಯುತ್ತ ನಡೆದರೂ ಇಪ್ಪತ್ತು ನಿಮಿಷ. ಪಟೇಲರು ಹಿಂದಿನ ದಿನ ಒಂದು ಮಾತು ಹೇಳಿದ್ದರು. ಬೆಳಿಗ್ಗೆ ನಳಿಗೆ ತೊಳೆಯಲು ಬಿಸಿನೀರು ಕಾಯಿಸಿ ಇಟ್ಟರೆ ಬಂದೂಕು ಬರುವಷ್ಟರಲ್ಲಿ ನೀರು ಆರಿರುತ್ತದೆ, ಈ ಮುನಿಯಪ್ಪನ ಕಾಲು ಅಷ್ಟು ನಿಧಾನ.

ಅರ್ಧ ದಾರಿಯಲ್ಲಿ ಹುಡೇವು ಇತ್ತು. ಪಾಳೆಯಗಾರರ ಕಾಲದ ದುಂಡನೆಯ ಕಾವಲು ಬುರುಜು, ಈಗ ಅರ್ಧ ಕುಸಿದು ಗೂಬೆಗಳ ಪಾಲಾಗಿದೆ. ದಫೇದಾರರು ಒಳಗೆ ಹೋಗಿ ಕಲ್ಲಿನ ಸಂದುಗಳಿಗೆ ಕೈ ಹಾಕಿದರು. ಮೂರನೆಯ ಸಂದಿನಲ್ಲಿ ನುಣ್ಣಗೆ ಹೆರೆದ ಬಿದಿರಿನ ಗಜ. ತುದಿಗೆ ಮದ್ದಿನ ಕರಿ. ಅದರ ಹಿಂದೆ ಬಳಪದ ಕಲ್ಲಿನಲ್ಲಿ ಕೊರೆದ ಗುಂಡಿನ ಅಚ್ಚು, ಒಂದು ಚೀಲದಲ್ಲಿ ಮದ್ದು, ರೂಪಾಯಿ ಅಗಲಕ್ಕೆ ಕತ್ತರಿಸಿದ ತೊಗಲಿನ ಚೂರುಗಳು.

ಹೊರಗೆ ತರಲಿಲ್ಲ. ಎಲ್ಲವನ್ನೂ ಇದ್ದ ಹಾಗೇ ಇಟ್ಟರು. ಇದು ಯಾರದು ಎಂದು ಕೇಳಿದರೆ ಊರಿಗೆ ಊರೇ ನನ್ನದಲ್ಲ ಎನ್ನುತ್ತದೆ. ಅಮಲ್ದಾರರು ಜುಂಜಣ್ಣನದೇ ಎಂದು ಬರೆಯುತ್ತಾರೆ. ವಸ್ತು ಸಿಕ್ಕರೆ ಸಾಲದು, ಅದರ ಒಡೆಯನ ಬಾಯಿಂದಲೇ ಮಾತು ಬರಬೇಕು.

ಅಲ್ಲಿಂದ ಹೊನ್ನಕ್ಕನ ಮನೆಗೆ ಹೋದರು. ಅವಳು ಮೊದಲು ಮುಖ ತಿರುಗಿಸಿದಳು.

“ನಿನ್ನ ಗಂಡ ಬಂದೂಕಿನ ಬಗ್ಗೆ ಏನಾದ್ರೂ ಅಂದಿದ್ನೇನಮ್ಮ?”

“ಅಂದಿದ್ದ್ರಿ. ‘ದಫೇದಾರ್ರು ತಪಾಸಣೆಗೆ ಬತ್ತಾರಲ್ಲ, ಊರ ಬಂದೂಕು ಬೆಳಿಗ್ಗೆ ಹೊತ್ತು ಏನು ಮೇಯ್ತದೆ ಅಂತ ಹೇಳ್ತೀನಿ’ ಅಂದ. ನನಗೇನೂ ಅರ್ಥ ಆಗ್ಲಿಲ್ಲ.”

“ಇನ್ಯಾರಿಗೆ ಹೇಳಿದ್ದ?”

“ಅವ್ನಿಗೆ ಗುಟ್ಟು ಎಲ್ಲಿ ನಿಲ್ತಿತ್ತು? ಕಟ್ಟೆ ಮ್ಯಾಲೆ ಕುಂತು ಎಲ್ಲರ ಮುಂದೆ ಅಂದಿದ್ದ.”

* * *

ಮಧ್ಯಾಹ್ನ ಮೂರಕ್ಕೆ ಊರನ್ನೆಲ್ಲ ಜಗಲಿಗೆ ಕರೆಸಿದರು. ಜುಂಜಣ್ಣನನ್ನೂ ಹಗ್ಗದ ಸಮೇತ ಕರೆತಂದರು.

“ಪಟೇಲ್ರೇ, ದಿನಾ ತುಂಬ್ದಂಗೆ ತುಂಬ್ರಿ.”

ತಿಪ್ಪೇರುದ್ರಪ್ಪನವರು ಪೆಟ್ಟಿಗೆಯ ಬೀಗ ತೆಗೆದರು. ಮದ್ದು ಸುರಿದರು, ನಾರು ತುರುಕಿದರು, ಗಿಡಿದರು. ಗಜ ಪೆಟ್ಟಿಗೆಗೆ ಹೋಯಿತು. ಬೀಗ ಬಿತ್ತು.

“ಎಲ್ಲರೂ ನೋಡಿದ್ರಲ್ಲ? ಇವತ್ತು ಬಂದೂಕು ನಮ್ಮ ಶಿವಯ್ಯ ಒಯ್ಯಲಿ. ಅವನು ಮುಂದೆ ಹೋಗಲಿ. ನಾವು ಎಲೆಅಡಿಕೆ ಹಾಕ್ಕಂಡು ಹಿಂದೆ ಹೋಗಾಣ.”

ಶಿವಯ್ಯ ಹೊರಟ. ಇವರು ಕಾಲು ಗಂಟೆ ಬಿಟ್ಟು ಹೊರಟರು. ಅಟ್ಟಣೆ ಸೇರಿದಾಗ ಅವನೂ ಆಗತಾನೆ ಬಂದು ನಿಂತಿದ್ದ.

“ಏನಲೇ, ಅಷ್ಟು ಮುಂಚೆ ಹೊರಟು ಈಗ ಬಂದಿದ್ದೀಯ?”

“ಬಿಸಿಲು ಸ್ವಾಮಿ. ಹುಡೇವಿನೊಳಗೆ ನೆರಳಿತ್ತು, ಒಂದಿಷ್ಟು ಕುಂತಿದ್ದೆ.”

“ಸೋಮಾರಿ,” ಎಂದು ಗದರಿ ದಫೇದಾರರು ಬಂದೂಕು ಕೈಗೆ ತೆಗೆದುಕೊಂಡರು. ಜನರ ಕಡೆ ತಿರುಗಿದರು.

“ಕೇಳ್ರಿ. ಭಾನುವಾರ ರಾತ್ರಿಯೂ ಈ ಬಂದೂಕಿನಲ್ಲಿ ಗುಂಡಿತ್ತು, ಸೋಮವಾರ ರಾತ್ರಿಯೂ ಇತ್ತು. ಆ ಎರಡು ದಿನ ಇದನ್ನು ಮುಟ್ಟಿದವರಲ್ಲಿ ಜುಂಜಣ್ಣ ಕಟ್ಟಿಸಿಕೊಂಡು ನಿಂತವ್ನೆ. ಉಳಿದೋರು ಮೂರು ಜನ. ಪಟೇಲ್ರು, ನಾಗಣ್ಣ, ಮುನಿಯಪ್ಪ. ಒಬ್ಬೊಬ್ಬರಾಗಿ ಹೋಗಿ ಕರಿಸಿದ್ದಪ್ಪ ನಿಂತ ಜಾಗದಲ್ಲಿ ನಿಲ್ರಿ. ಬಂದೂಕಿನಲ್ಲಿರೋದು ಒಂದು ಸಲದ್ದು. ಯಾರ ಮೇಲೆ ಹೊಡೀತೀನೋ ನನಗೇ ಗೊತ್ತಿಲ್ಲ.”

ಜನ ಗುಜುಗುಜು ಎಂದಿತು. ಪಟೇಲರು ಮಾತ್ರ ಏನೂ ಅನ್ನದೆ ಹೆಗಲ ವಸ್ತ್ರ ಸರಿಮಾಡಿಕೊಂಡು ನಡೆದರು. ನಲವತ್ತು ಹೆಜ್ಜೆಗೆ ನಿಂತು ತಿರುಗಿ, ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟರು. “ನನ್ನ ಕೈಯಾಗೆ ತುಂಬಿದ್ದು. ಹೊಡೀರಿ,” ಎಂದರು. ದಫೇದಾರರು ಗುರಿ ಹಿಡಿದರು, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಇಳಿಸಿದರು.

ನಾಗಣ್ಣ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆಯುತ್ತ ನಿಂತ. ಅವನ ಮೇಲೂ ಗುರಿ ಹಿಡಿದು ಇಳಿಸಿದರು. ನಾಗಣ್ಣ ಅಲ್ಲೇ ಕುಸಿದು ಕೂತು, ಬದುಕಿದೆ ಎಂದು ಗೊತ್ತಾದ ಮೇಲೆ ಎದ್ದು ಬಂದ.

“ಮುನಿಯಪ್ಪ, ನಡಿ.”

ಮುನಿಯಪ್ಪ ಕದಲಲಿಲ್ಲ. “ಮೊದ್ಲು ಬಂದೂಕು ತಪಾಸಣೆ ಮಾಡ್ರಿ.”

“ಯಾಕೆ? ಪಟೇಲ್ರು ತುಂಬಿದ್ದು ನೀನೇ ನೋಡಿದೆಯಲ್ಲ.”

“ನೋಡ್ದೆ. ಅದು ಸರಿ. ಆಮ್ಯಾಲೆ ಪೇದೆ ಒಯ್ದ್ನಲ್ರಿ.”

“ಒಯ್ದರೇನು? ಅವನ ಹತ್ರ ಗಜ ಐತಾ? ಗುಂಡು ಐತಾ? ಬರಿಗೈಲಿ ಹೋದ, ಬರಿಗೈಲಿ ಬಂದ.”

“ಹುಡೇವ್ನಾಗೆ ಕುಂತಿದ್ದೆ ಅಂತಾನಲ್ರಿ!” ಮುನಿಯಪ್ಪನ ದನಿ ಏರಿತು. “ಅಲ್ಲಿ ಕುಂತು ಏನ್ ತುಂಬ್ಯಾನೋ ಯಾರಿಗ್ ಗೊತ್ತು!”

ಜನವೆಲ್ಲ ಅವನ ಕಡೆ ತಿರುಗಿತು.

ದಫೇದಾರರು ಬಂದೂಕನ್ನು ಮೆಲ್ಲಗೆ ನೆಲಕ್ಕೆ ಊರಿದರು. “ಹುಡೇವ್ನಲ್ಲಿ ಕಲ್ಲು ಅವೆ, ಗೂಬೆ ಅವೆ. ಬಂದೂಕಿಗೆ ತುಂಬೋಕೆ ಅಲ್ಲಿ ಏನೈತಪ್ಪ, ಮುನಿಯಪ್ಪ?”

ಮುನಿಯಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಪಟೇಲರು ಏನೂ ಹೆದರದೆ ಎದೆ ಕೊಟ್ಟಿದ್ದರು, ನಾಗಣ್ಣನೂ ಹೆದರುತ್ತಲೇ ಎದೆ ಕೊಟ್ಟಿದ್ದ. ಹುಡೇವಿನ ಹೆಸರು ಅವರ ಕಿವಿಗೂ ಬಿದ್ದಿತ್ತು, ಅದರಲ್ಲಿ ಅವರಿಗೆ ಬರೀ ನೆರಳು ಕಂಡಿತ್ತು. ಗಜ, ಗುಂಡು ಕಂಡದ್ದು ಇವನೊಬ್ಬನಿಗೆ. ಇಷ್ಟು ಊರಿಗೂ ತಟ್ಟನೆ ಅರ್ಥವಾಯಿತು. ಓಡಲು ತಿರುಗಿದ ಮುನಿಯಪ್ಪನನ್ನು ಶಿವಯ್ಯ ಸೊಂಟಕ್ಕೆ ಕೈ ಹಾಕಿ ಕೆಡವಿದ.

ಶಿವಯ್ಯ ಹುಡೇವಿನಲ್ಲಿ ಕೂತದ್ದು ದಫೇದಾರರು ಹೇಳಿಕೊಟ್ಟಂತೆ. ಬಂದೂಕಿಗೆ ಅವರು ಕೇಪೇ ಹಾಕಿರಲಿಲ್ಲ.

* * *

ಹುಡೇವಿನ ಸಂದಿನಿಂದ ತಂದ ವಸ್ತುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಅಚ್ಚಿನಲ್ಲಿ ಕದಿರಿನ ಗುಂಡಿನ ಬಾಲ ಸರಿಯಾಗಿ ಕೂತಿತು. ಹೆಣದ ಗುಂಡಿನ ಬಾಲವೂ ಕೂತಿತು.

“ಹಗಲು ಹೊತ್ತು ಬಂದೂಕು ಪಟೇಲ್ರ ಗೋಡೆ ಮೇಲೆ ಇರ್ತದೆ,” ಎಂದರು ದಫೇದಾರರು. “ಆಗ ಯಾರಾದ್ರೂ ನಳಿಗೆಗೆ ಗುಂಡು ಇಳಿಸಿದ್ದರೆ ಅದು ಮದ್ದಿನ ಕೆಳಗೆ ಕೂರ್ತಿತ್ತು. ಹಂಗಾದ್ರೆ ಗುಂಡು ಹಾರೋದೇ ಇಲ್ಲ. ಆದ್ದರಿಂದ ಗುಂಡು ಬಿದ್ದಿದ್ದು ಪಟೇಲ್ರು ತುಂಬಿದ ಮೇಲೆ. ತುಂಬಿದ್ದು ಹತ್ತಾರು ಜನರ ಮುಂದೆ. ಜುಂಜಣ್ಣನೇ ಹಾಕಿದ ಅನ್ನೋಣ ಅಂದ್ರೆ ಭಾನುವಾರ ಅವನು ಬಂದೂಕಿನ ಹತ್ರ ಇರಲೇ ಇಲ್ಲ. ನಾಗಣ್ಣ ಹಾಕಿದ ಅನ್ನೋಣ ಅಂದ್ರೆ ಸೋಮವಾರ ಅವನಿರ್ಲಿಲ್ಲ. ಎರಡು ದಿನವೂ ಜಗಲಿಯಿಂದ ಅಟ್ಟಣೆವರೆಗೆ ಒಯ್ದವನು ಒಬ್ಬನೇ.”

“ಎರಡು ಸಲ ಯಾಕೆ?” ಪಟೇಲರು ಕೇಳಿದರು.

“ಭಾನುವಾರ ಹಾಕಿದ್ದೂ ಕರಿಸಿದ್ದಪ್ಪನಿಗೇ. ಆದ್ರೆ ನಾಗಣ್ಣ ರಾತ್ರಿಯೇ ಜಿಂಕೆಗೆ ಹೊಡೆದ. ಕರಿಸಿದ್ದಪ್ಪ ಒಂದು ದಿನ ಹೆಚ್ಚು ಬದುಕಿದ. ಸೋಮವಾರ ರಾತ್ರಿ ಯಾವ ಪ್ರಾಣಿಯೂ ಬರಲಿಲ್ಲ. ಬೆಳಿಗ್ಗೆ ಹೊಡಿಯೋದು ಖಂಡಿತ, ಎದೆ ಕೊಡೋದು ಖಂಡಿತ. ಇವನು ಹಿಂದೆ ಹೋಗಿ ನಿಂತ.”

ಮುನಿಯಪ್ಪ ತಲೆ ತಗ್ಗಿಸಿ ಕೂತಿದ್ದ. ಬೆಳಿಗ್ಗೆ ಖಾಲಿ ಬಂದೂಕು ಕೈಗೆ ಬಂದ ಮೇಲೆ ಒಂದು ಗಂಟೆ ಅದು ಅವನದೇ. ಹುಡೇವಿನಲ್ಲಿ ತುಂಬುವುದು, ಗುಡ್ಡದ ಹಿಂದೆ ಜಿಂಕೆ ಹೊಡೆಯುವುದು, ಮಾಂಸ ತೊಗಲು ಪರವೂರಿಗೆ ಸಾಗಿಸುವುದು. ಎರಡು ವರ್ಷದಿಂದ ನಡೆದಿತ್ತು. ಗುಡ್ಡದಲ್ಲಿ ಕೇಳುವ ಸದ್ದನ್ನು ಊರು ಬೇರೆ ಊರಿನ ಬೇಟೆಗಾರರದೆಂದು ತಿಳಿದಿತ್ತು. ಕರಿಸಿದ್ದಪ್ಪ ಒಮ್ಮೆ ಕಣ್ಣಾರೆ ನೋಡಿದ.

“ತಳವಾರ್ಕೆ ಹೋಗ್ತಿತ್ರಿ,” ಎಂದ ಮುನಿಯಪ್ಪ ಕೊನೆಗೆ. “ಅದ್ರ ಹಿಂದೆ ಇನಾಂ ಹೊಲ ಹೋಗ್ತಿತ್ತು. ನಮ್ಮಪ್ಪನ ಅಪ್ಪನ ಕಾಲದ್ದು. ಕೈ ಮುಗಿದೆ, ಕಾಲು ಹಿಡಿದೆ. ನಕ್ಕ್ಬಿಟ್ಟ. ಎಲ್ಲಾದ್ಕೂ ನಗ್ತಿದ್ದ ಅವ್ನು.”

“ಮತ್ತೆ ಜುಂಜಣ್ಣ? ಅವನು ನಿಂಗೇನು ಮಾಡಿದ್ದ?”

ಸರದಿ ಯಾರದಿತ್ತೋ ಅವರು ನೇಣಿಗೆ ಹೋಗಬೇಕಿತ್ತು, ಅಷ್ಟೇ ಮುನಿಯಪ್ಪನ ಲೆಕ್ಕ.

ಲೈಸೆನ್ಸು ಉಳಿಯುತ್ತದೆಯೇ ಎಂದು ಪಟೇಲರು ಕೇಳಿದರು. ಬಂದೂಕನ್ನು ಸಾಕ್ಷಿಗೆ ದುರ್ಗಕ್ಕೆ ಒಯ್ಯಲೇಬೇಕು, ಲೈಸೆನ್ಸು ರದ್ದಾಗದ ಹಾಗೆ ತಾವು ಬರೆಯುವುದಾಗಿ ದಫೇದಾರರು ಹೇಳಿದರು. ಈ ಬೆಳೆಯನ್ನು ತಮಟೆ, ಕವಣೆಯಲ್ಲೇ ಕಾಯಬೇಕು.

ಆಮೇಲೆ ಜುಂಜಣ್ಣನ ಕಡೆ ತಿರುಗಿದರು. “ನಿಂದು ಮುಗೀತಪ್ಪ. ಮನೆಗೆ ಹೋಗು. ಶಿವಯ್ಯ, ಹಗ್ಗ ಬಿಚ್ಚು.”

ಜುಂಜಣ್ಣ ಕೈ ಹಿಂದಕ್ಕೆ ಎಳೆದುಕೊಂಡ. “ಬ್ಯಾಡ್ರಿ. ಗುಂಡು ಅವ್ನು ಹಾಕಿರಬೋದು. ಗುರಿ ಇಟ್ಟಿದ್ದು ನಾನು. ಹೊನ್ನಕ್ಕನ ಮುಂದೆ ನಾ ಯಾವ ಮುಖ ಹೊತ್ತು ತಿರುಗ್ಲಿ?”

ದಫೇದಾರರು ಕೊಲೆಗಾರನನ್ನು ಹಿಡಿಯಬಲ್ಲರು, ಕಾಗದ ಬರೆಯಬಲ್ಲರು. ಇದು ಅವರ ಕೈಯಲ್ಲಿ ಇರಲಿಲ್ಲ. ತಿಪ್ಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಹೆಂಗಸರ ನಡುವಿನಿಂದ ಹೊನ್ನಕ್ಕ ಎದ್ದು ಬಂದಳು. ಜುಂಜಣ್ಣನ ಎದುರಿಗೆ ಕೂತು, ಅವನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಅವನು ಕಣ್ಣೆತ್ತಲಿಲ್ಲ. ಅವಳು ಅವನ ಕೈ ಎಳೆದುಕೊಂಡು ಹಗ್ಗದ ಗಂಟು ಬಿಚ್ಚತೊಡಗಿದಳು. ಮೂರು ದಿನದ ಗಂಟು, ಬಿಗಿದು ಕಲ್ಲಾಗಿತ್ತು. ಉಗುರಿಗೆ ಬಗ್ಗದಾಗ ಹಲ್ಲಿನಲ್ಲಿ ಎಳೆದು ಸಡಿಲ ಮಾಡಿದಳು. ಹಗ್ಗ ಕಳಚಿ ಪಕ್ಕಕ್ಕೆ ಹಾಕಿದಳು.

“ತಿಪ್ಪಮ್ಮ,” ಎಂದಳು, “ಇವ್ನು ಮೂರು ದಿನದಿಂದ ಉಂಡಿಲ್ಲ. ನಮ್ಮ ಮನಿಗೆ ಕರ್ಕಂಡು ಬಾ. ನಾನೂ ಉಂಡಿಲ್ಲ. ಇಬ್ರೂ ಉಣ್ತೀವಿ.”